ಒಪ್ಪಂದದ ಮೌನ: ರಾಜಕೀಯ ಹಿಂಸೆಯ ನ್ಯಾಯಸಮ್ಮತತೆ ಮತ್ತು ಐರಿಷ್ ಸಾಹಿತ್ಯ

1

1998ರ ಏಪ್ರಿಲ್ 10ರಂದು, ಕ್ರೈಸ್ತರ ಶುಭ ಶುಕ್ರವಾರದ ದಿನ, ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಹಾಗೂ ಉತ್ತರ ಐರ್ಲೆಂಡಿನ ಬಹುಪಾಲು ರಾಜಕೀಯ ಪಕ್ಷಗಳು ಬೆಲ್‌ಫಾಸ್ಟ್ ನಗರದಲ್ಲಿ ಒಂದು ಒಪ್ಪಂದಕ್ಕೆ ಬಂದವು. ಮೂರು ದಶಕಗಳ ಕಾಲ ನಡೆದು ಸುಮಾರು 3,600 ಮಂದಿಯನ್ನು ಬಲಿ ತೆಗೆದುಕೊಂಡ ಸಂಘರ್ಷಕ್ಕೆ ಈ ಒಪ್ಪಂದವು ತೆರೆ ಎಳೆಯಿತೆಂದು ಹೇಳುವುದು ವಾಡಿಕೆ. ಆದರೆ ಆ ಸಂಘರ್ಷಕ್ಕೆ ಎಲ್ಲರೂ ಒಪ್ಪುವ ಹೆಸರೊಂದು ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ. ಇಂಗ್ಲಿಷಿನಲ್ಲಿ ಅದನ್ನು ‘ಟ್ರಬಲ್ಸ್’ ಎನ್ನುತ್ತಾರೆ. ತೊಂದರೆ, ತಾಪತ್ರಯ ಎಂಬಷ್ಟೇ ಅರ್ಥ ಕೊಡುವ ಮಾತು ಅದು. ಐರಿಷ್ ಗಣರಾಜ್ಯ ಸೇನೆಯ, ಅಂದರೆ ಐಆರ್‌ಎಯ ಸದಸ್ಯನಿಗೆ ಅದು ಯುದ್ಧ. ಅವನ ಗುಂಡಿಗೆ ಬಲಿಯಾದ ಪೊಲೀಸನ ಹೆಂಡತಿಗೆ ಅದು ಕೊಲೆ. ಸೈನಿಕರ ಗುಂಡಿಗೆ ಮಗನನ್ನು ಕಳೆದುಕೊಂಡ ಡೆರಿ ನಗರದ ತಾಯಿಗೆ ಅದು ಪ್ರಭುತ್ವವೇ ಮಾಡಿದ ಕೊಲೆ. ಹೆಸರಿಡುವ ಕ್ರಿಯೆಯಲ್ಲಿಯೇ ತೀರ್ಪು ಅಡಗಿರುವುದರಿಂದ ಯಾವ ಹೆಸರೂ ಸರ್ವಸಮ್ಮತವಾಗಲಾರದು.

ಹಿಂಸೆ ನಿಂತ ಮೇಲೆ ಹಿಂಸೆಯನ್ನು ಕುರಿತ ವಾದ ನಿಲ್ಲುವುದಿಲ್ಲ. ನಡೆದದ್ದು ನ್ಯಾಯಸಮ್ಮತವಾಗಿತ್ತೇ, ಯಾರ ಹೆಸರಿನಲ್ಲಿ ನಡೆಯಿತು, ಅದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗಳು ಶಾಂತಿಯ ಕಾಲದಲ್ಲಿ ಇನ್ನಷ್ಟು ತೀವ್ರವಾಗುತ್ತವೆ. ಈ ಪ್ರಶ್ನೆಗಳೊಡನೆ ಐರಿಷ್ ಸಾಹಿತ್ಯವು ಹೇಗೆ ಸೆಣಸಿದೆ ಎಂಬುದನ್ನು ಕೆಲವು ಮುಖ್ಯ ಕೃತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಒಪ್ಪಂದದ ಪಠ್ಯವನ್ನೇ ಸಾಹಿತ್ಯದ ವಿದ್ಯಾರ್ಥಿಯ ಕಣ್ಣಿನಿಂದ ಓದುವುದು ಉಪಯುಕ್ತ. ಉತ್ತರ ಐರ್ಲೆಂಡಿನ ಬಹುಸಂಖ್ಯಾತ ಜನರು ಬ್ರಿಟನ್ನಿನೊಡನೆ ಉಳಿಯಲು ಬಯಸಿದರೂ ಐರ್ಲೆಂಡಿನೊಡನೆ ಸೇರಲು ಬಯಸಿದರೂ ಆ ಸ್ವತಂತ್ರ ಆಯ್ಕೆಯ ನ್ಯಾಯಸಮ್ಮತತೆಯನ್ನು ಎರಡೂ ಸರ್ಕಾರಗಳು ಅಂಗೀಕರಿಸುತ್ತವೆ ಎಂದು ಅದು ಹೇಳುತ್ತದೆ. ರಾಜಕೀಯ ಗುರಿ ಯಾವುದೇ ಇರಲಿ, ಮಾರ್ಗ ಮಾತ್ರ ಸಂಪೂರ್ಣವಾಗಿ ಶಾಂತಿಯುತವೂ ಪ್ರಜಾಸತ್ತಾತ್ಮಕವೂ ಆಗಿರಬೇಕೆಂದೂ ವಿಧಿಸುತ್ತದೆ. ಸತ್ತವರನ್ನು, ಗಾಯಗೊಂಡವರನ್ನು ಮರೆಯಲಾಗದೆಂದು ವಿಷಾದದಿಂದ ನೆನೆಯುತ್ತದೆ. ಆದರೆ ಕೊಂದವರು ಯಾರು, ಅವರಿಗೆ ಕೊಲ್ಲುವ ಅಧಿಕಾರ ಎಲ್ಲಿಂದ ಬಂದಿತ್ತು ಎಂಬ ಬಗ್ಗೆ ಅದು ಒಂದು ಮಾತನ್ನೂ ಆಡುವುದಿಲ್ಲ. ನ್ಯಾಯಸಮ್ಮತತೆ ಎಂಬ ಪದ ಅಲ್ಲಿ ಭವಿಷ್ಯದ ಆಯ್ಕೆಗೆ ಅನ್ವಯಿಸುತ್ತದೆಯೇ ಹೊರತು ಗತದ ಕೃತ್ಯಕ್ಕಲ್ಲ.

ಇಲ್ಲಿ ಮೂರು ನೆಲೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಒಂದು, ಗುರಿಯ ನ್ಯಾಯಸಮ್ಮತತೆ. ಎರಡು, ಮಾರ್ಗದ ನ್ಯಾಯಸಮ್ಮತತೆ. ಮೂರು, ಜನರ ಪರವಾಗಿ ಆಯುಧ ಹಿಡಿಯುತ್ತೇನೆ ಎನ್ನುವವನ ಅಧಿಕಾರದ ನ್ಯಾಯಸಮ್ಮತತೆ. ಒಪ್ಪಂದವು ಮೊದಲನೆಯದನ್ನು ಇಬ್ಬರಿಗೂ ಸಮಾನವಾಗಿ ಕೊಟ್ಟಿತು. ಎರಡನೆಯದನ್ನು ಮುಂದಿನ ಕಾಲಕ್ಕೆ ಇತ್ಯರ್ಥಪಡಿಸಿತು. ಮೂರನೆಯದರ ವಿಷಯದಲ್ಲಿ, ಗತಕಾಲಕ್ಕೆ ಸಂಬಂಧಿಸಿದಂತೆ, ಮೌನವಹಿಸಿತು. ಈ ಮೌನವಿಲ್ಲದಿದ್ದರೆ ಒಪ್ಪಂದ ಸಾಧ್ಯವಾಗುತ್ತಿರಲಿಲ್ಲ. ಆದರೆ ರಾಜಕಾರಣಕ್ಕೆ ಅಗತ್ಯವಾದ ಮೌನವನ್ನು ಸಾಹಿತ್ಯ ಮತ್ತು ವಿಮರ್ಶೆಗಳು ತಮ್ಮದಾಗಿಸಿಕೊಳ್ಳಬೇಕಾಗಿಲ್ಲ ಎಂಬುದು ಈ ಪ್ರಬಂಧದ ನಿಲುವು.

2

ಐರ್ಲೆಂಡಿನಲ್ಲಿ ಆಯುಧ ಹಿಡಿಯುವ ಅಧಿಕಾರವು ಸತ್ತವರಿಂದ ಬಂದ ಉತ್ತರಾಧಿಕಾರ ಎಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ. 1916ರ ಈಸ್ಟರ್ ವಾರದಲ್ಲಿ ಡಬ್ಲಿನ್ನಿನಲ್ಲಿ ದಂಗೆಯೆದ್ದವರಿಗೆ ಚುನಾವಣೆಯ ಬೆಂಬಲವೇನೂ ಇರಲಿಲ್ಲ. ಅವರ ನಾಯಕರನ್ನು ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದ ಮೇಲೆ ಜನಮತ ತಿರುಗಿತು. 1918ರ ಸಾರ್ವತ್ರಿಕ ಚುನಾವಣೆಯಲ್ಲಿ ಷಿನ್ ಫೇನ್ ಪಕ್ಷ ಐರ್ಲೆಂಡಿನ 105 ಸ್ಥಾನಗಳಲ್ಲಿ 73ನ್ನು ಗೆದ್ದಿತು. ದೇಶ ವಿಭಜನೆಯಾದ ಮೇಲೂ, ಇಡೀ ದ್ವೀಪ ಒಂದಾಗಿ ಮತ ನೀಡಿದ್ದು ಅದೇ ಕೊನೆ, ಆದ್ದರಿಂದ ಆ ಜನಾದೇಶವೇ ಇಂದಿಗೂ ಚಾಲ್ತಿಯಲ್ಲಿದೆ ಎಂದು ಗಣರಾಜ್ಯವಾದಿಗಳು ವಾದಿಸಿದರು. 1938ರಲ್ಲಿ, ಎರಡನೆಯ ಐರಿಷ್ ಸಂಸತ್ತಿನ ಅಳಿದುಳಿದ ಏಳು ಮಂದಿ ಸದಸ್ಯರು ತಮ್ಮ ಅಧಿಕಾರವನ್ನು ಐಆರ್‌ಎಯ ಸೇನಾ ಮಂಡಳಿಗೆ ವಹಿಸಿಕೊಟ್ಟರು. ತಾವು ಸರ್ಕಾರದ ವಿರುದ್ಧ ಹೋರಾಡುವವರಲ್ಲ, ತಾವೇ ಸರ್ಕಾರ ಎಂಬ ಐಆರ್‌ಎಯ ವಿಚಿತ್ರ ಆತ್ಮವಿಶ್ವಾಸಕ್ಕೆ ಈ ಹಸ್ತಾಂತರವೇ ಆಧಾರ.

1998ರ ಮೇ 22ರ ಜನಮತ ಗಣನೆಯ ಮಹತ್ವವಿರುವುದು ಇಲ್ಲಿಯೇ. ಅಂದು ಗಡಿಯ ಎರಡೂ ಬದಿಯ ಜನ ಒಂದೇ ದಿನ ಮತ ನೀಡಿದರು. ಉತ್ತರದಲ್ಲಿ ಶೇಕಡಾ 71ರಷ್ಟು, ದಕ್ಷಿಣದಲ್ಲಿ ಶೇಕಡಾ 94ರಷ್ಟು ಮಂದಿ ಒಪ್ಪಂದವನ್ನು ಸಮರ್ಥಿಸಿದರು. 1918ರ ಜನಾದೇಶದ ಸ್ಥಾನದಲ್ಲಿ ಹೊಸದೊಂದು ಜನಾದೇಶ ಬಂದಿತು. ಒಪ್ಪದ ಸಣ್ಣ ಗುಂಪುಗಳು ಹಳೆಯದನ್ನೇ ಹಿಡಿದುಕೊಂಡವು. ಅದೇ ವರ್ಷದ ಆಗಸ್ಟ್ 15ರಂದು ಓಮಾ ಎಂಬ ಪಟ್ಟಣದ ಪೇಟೆಯಲ್ಲಿ ಅಂಥ ಒಂದು ಗುಂಪು ಇರಿಸಿದ ಬಾಂಬು 29 ಜನರನ್ನು ಕೊಂದಿತು. ಇತಿಹಾಸದಿಂದ ಅಧಿಕಾರ ಪಡೆದೆವೆನ್ನುವವರಿಗೆ ಎದುರಿಗಿರುವ ಜನ ಲೆಕ್ಕಕ್ಕಿಲ್ಲ ಎಂಬ ಸತ್ಯವು ಅಂದು ಬೆತ್ತಲಾಯಿತು.

ಸಾಹಿತ್ಯವು ಈ ಉತ್ತರಾಧಿಕಾರವನ್ನು ಕಟ್ಟುವುದರಲ್ಲಿಯೂ ಪ್ರಶ್ನಿಸುವುದರಲ್ಲಿಯೂ ಪಾಲುಗೊಂಡಿದೆ. ಯೇಟ್ಸ್ 1902ರಲ್ಲಿ ಲೇಡಿ ಗ್ರೆಗರಿಯೊಡನೆ ರಚಿಸಿದ ‘ಕ್ಯಾಥ್ಲೀನ್ ನಿ ಹೂಲಿಹಾನ್’ ನಾಟಕದಲ್ಲಿ ದೇಶವೇ ಮುದುಕಿಯ ರೂಪದಲ್ಲಿ ಮದುವೆಯ ಮನೆಗೆ ಬಂದು ಮದುಮಗನನ್ನು ಸಾವಿನ ಕಡೆಗೆ ಕರೆದೊಯ್ಯುತ್ತದೆ. ಅದೇ ಕವಿ 1916ರ ದಂಗೆಯ ಮೇಲೆ ಬರೆದ ಕವಿತೆಯಲ್ಲಿ ಸತ್ತವರ ಹೆಸರುಗಳನ್ನು ಭಕ್ತಿಯಿಂದ ಎಣಿಸುತ್ತಲೇ, ಆ ಸಾವು ಅನಗತ್ಯವಾಗಿತ್ತೇನೋ ಎಂಬ ಶಂಕೆಯನ್ನೂ ತಡೆದುಕೊಳ್ಳುವುದಿಲ್ಲ. ಕೊನೆಗಾಲದ ಒಂದು ಕವಿತೆಯಲ್ಲಿ, ತನ್ನ ನಾಟಕವೇ ಕೆಲವರನ್ನು ಗುಂಡಿಗೆ ಎದೆಯೊಡ್ಡಲು ಕಳುಹಿಸಿತೇ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಕಾವ್ಯವು ಹಿಂಸೆಗೆ ನ್ಯಾಯಸಮ್ಮತತೆಯನ್ನು ಒದಗಿಸಬಲ್ಲುದು ಎಂಬ ಅರಿವು ಕವಿಯೊಬ್ಬನಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿದ ನಿದರ್ಶನಗಳು ವಿರಳ.

1926ರಲ್ಲಿ ಅಬ್ಬೆ ರಂಗಮಂದಿರದಲ್ಲಿ ಶಾನ್ ಓಕೇಸಿಯ ‘ದಿ ಪ್ಲೋ ಅಂಡ್ ದ ಸ್ಟಾರ್ಸ್’ ಪ್ರದರ್ಶನವಾದಾಗ ಗಲಭೆಯೆದ್ದಿತು. ರಕ್ತಬಲಿಯನ್ನು ಕೊಂಡಾಡುವ ಭಾಷಣವು ಹೆಂಡದಂಗಡಿಯ ಕಿಟಕಿಯಾಚೆಯಿಂದ ಕೇಳಿಸುವಂತೆಯೂ, ಒಳಗೆ ಬಡವರು ಕುಡಿದು ಜಗಳವಾಡುವಂತೆಯೂ ಓಕೇಸಿ ದೃಶ್ಯವನ್ನು ಜೋಡಿಸಿದ್ದ. ಪ್ರತಿಭಟಿಸಿದವರಲ್ಲಿ ಪ್ರಮುಖಳಾದ ಹಾನಾ ಶೀಹಿ ಸ್ಕೆಫಿಂಗ್ಟನ್ ಯುದ್ಧೋನ್ಮಾದಿಯಾಗಿರಲಿಲ್ಲ. ಆಕೆಯ ಗಂಡ ಫ್ರಾನ್ಸಿಸ್ ಶಾಂತಿವಾದಿ. 1916ರಲ್ಲಿ ಅವನನ್ನು ಬ್ರಿಟಿಷ್ ಅಧಿಕಾರಿಯೊಬ್ಬ ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಿಸಿದ್ದ. ಸತ್ತವರಿಗೆ ಗೌರವ ಸಲ್ಲಬೇಕೆಂಬ ವಿಧವೆಯ ಹಕ್ಕೊತ್ತಾಯ ಒಂದು ಕಡೆ, ಬದುಕಿರುವ ಬಡವರ ಪರವಾಗಿ ವೀರಗಾಥೆಯನ್ನು ಅಲ್ಲಗಳೆಯುವ ನಾಟಕಕಾರನ ಹಕ್ಕು ಇನ್ನೊಂದು ಕಡೆ. ಎರಡರಲ್ಲಿಯೂ ಸತ್ಯವಿತ್ತು. ಒಪ್ಪಂದದ ನಂತರದ ವಾದಗಳೆಲ್ಲವೂ ಒಂದರ್ಥದಲ್ಲಿ ಈ ಜಗಳದ ಮುಂದುವರಿಕೆಯೇ ಆಗಿವೆ.

ಈ ಚರಿತ್ರೆ ಕನ್ನಡಕ್ಕೆ ಪೂರ್ತಿ ಹೊರಗಿನದಲ್ಲ. 1908ರಲ್ಲಿ ಹಾನಾ ದಂಪತಿಗಳೊಡನೆ ಸೇರಿ ಐರಿಷ್ ಮಹಿಳಾ ಮತಾಧಿಕಾರ ಸಂಘವನ್ನು ಕಟ್ಟಿದವರು ಮಾರ್ಗರೆಟ್ ಮತ್ತು ಜೇಮ್ಸ್ ಕಸಿನ್ಸ್ ದಂಪತಿಗಳು. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಐರಿಷ್ ರಂಗಚಳವಳಿಯಲ್ಲಿ ಪಾಲ್ಗೊಂಡು, 1915ರಲ್ಲಿ ಭಾರತಕ್ಕೆ ಬಂದ ಜೇಮ್ಸ್ ಕಸಿನ್ಸ್ ಅವರೇ 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ನುಡಿಯಲ್ಲಿಯೇ ಬರೆಯಿರಿ ಎಂದು ಹೇಳಿದವರು. ಸ್ವಂತ ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡ ನಾಡಿನ ಕವಿಯೊಬ್ಬ ಆ ಮಾತನ್ನು ಹೇಳಿದನೆಂಬುದನ್ನು ನೆನೆದರೆ, ಐರ್ಲೆಂಡಿನ ಸಾಂಸ್ಕೃತಿಕ ಪುನರುಜ್ಜೀವನದ ಸೃಜನಶೀಲ ಮುಖವು ನಮಗೆ ಎಷ್ಟು ಹತ್ತಿರ ಬಂದಿತ್ತೆಂಬುದು ತಿಳಿಯುತ್ತದೆ. ಅದೇ ಪುನರುಜ್ಜೀವನದ ಇನ್ನೊಂದು ಮುಖ, ರಕ್ತದ ಉತ್ತರಾಧಿಕಾರದ ಮುಖ, ನಮ್ಮ ವಿಮರ್ಶೆಯಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

3

ಹಿಂಸೆಯ ನ್ಯಾಯಸಮ್ಮತತೆಯ ಪ್ರಶ್ನೆಯನ್ನು ಸಶಸ್ತ್ರ ಸಂಘಟನೆಗಳಿಗಷ್ಟೇ ಕೇಳಿ ಸುಮ್ಮನಾಗುವುದು ಪಕ್ಷಪಾತ. ಕಾನೂನಿನ ಹೆಸರಿನಲ್ಲಿ ಆಯುಧ ಹಿಡಿಯುವ ಪ್ರಭುತ್ವವು ಕಾನೂನಿನ ಅಳತೆಗೆ ಹೆಚ್ಚು ಕಟ್ಟುನಿಟ್ಟಾಗಿ ಒಳಪಡಬೇಕು. ಡೆರಿ ನಗರದ ಗಿಲ್ಡ್‌ಹಾಲ್ ಎಂಬ ಪುರಭವನ ಈ ದೃಷ್ಟಿಯಿಂದ ಒಂದು ಅರ್ಥಪೂರ್ಣ ಸ್ಥಳ. 1972ರ ಜನವರಿ 30ರಂದು ನಾಗರಿಕ ಹಕ್ಕುಗಳ ಮೆರವಣಿಗೆ ಈ ಭವನದ ಮುಂದಿನ ಚೌಕವನ್ನು ತಲುಪಬೇಕಾಗಿತ್ತು, ತಲುಪಲು ಬಿಡಲಿಲ್ಲ. ಬ್ರಿಟಿಷ್ ಪ್ಯಾರಾಟ್ರೂಪರುಗಳ ಗುಂಡಿಗೆ ಅಂದು 13 ಮಂದಿ ಸತ್ತರು, ಗಾಯಗೊಂಡವರಲ್ಲಿ ಒಬ್ಬರು ಮುಂದೆ ತೀರಿಕೊಂಡರು. ಮೂರು ತಿಂಗಳೊಳಗೆ ಮುಖ್ಯ ನ್ಯಾಯಾಧೀಶ ವಿಜರಿ ನೀಡಿದ ವರದಿ ಸೈನಿಕರನ್ನು ಬಹುಮಟ್ಟಿಗೆ ದೋಷಮುಕ್ತಗೊಳಿಸಿತು. ಗುಂಡಿಗಿಂತಲೂ ಈ ವರದಿಯೇ ಅನೇಕ ತರುಣರ ಕಣ್ಣಿನಲ್ಲಿ ಪ್ರಭುತ್ವದ ನ್ಯಾಯಸಮ್ಮತತೆಯನ್ನು ಮುಗಿಸಿತು.

ಬ್ರಯನ್ ಫ್ರೀಲ್ 1973ರಲ್ಲಿ ರಂಗಕ್ಕೆ ತಂದ ‘ದಿ ಫ್ರೀಡಮ್ ಆಫ್ ದ ಸಿಟಿ’ ನಾಟಕದ ಘಟನೆ ಇದೇ ಗಿಲ್ಡ್‌ಹಾಲಿನಲ್ಲಿ ನಡೆಯುತ್ತದೆ. ಮೆರವಣಿಗೆಯ ಮೇಲೆ ಅಶ್ರುವಾಯು ಸಿಡಿದಾಗ ದಿಕ್ಕೆಟ್ಟ ಮೂವರು ನಿರಾಯುಧರು ಮೇಯರನ ಕೊಠಡಿಗೆ ನುಗ್ಗುತ್ತಾರೆ. ಹೊರಗೆ ಅವರು ನಲವತ್ತು ಮಂದಿ ಬಂದೂಕುಧಾರಿಗಳೆಂಬ ಸುದ್ದಿ ಹಬ್ಬುತ್ತದೆ. ಪ್ರೇಕ್ಷಕರಿಗೆ ಮೊದಲ ದೃಶ್ಯದಲ್ಲಿಯೇ ಅವರ ಹೆಣಗಳು ಕಾಣುತ್ತವೆ. ಮುಂದೆ ನಡೆಯುವುದೆಲ್ಲ ಆ ಹೆಣಗಳಿಗೆ ಅರ್ಥ ಹಚ್ಚುವ ಪೈಪೋಟಿ. ನ್ಯಾಯಾಧೀಶ ಅವರನ್ನು ಭಯೋತ್ಪಾದಕರೆನ್ನುತ್ತಾನೆ, ಲಾವಣಿಕಾರ ಹುತಾತ್ಮರೆನ್ನುತ್ತಾನೆ, ಪಾದ್ರಿ ತನ್ನ ಧರ್ಮಬೋಧೆಗೆ ಅವರನ್ನು ದೃಷ್ಟಾಂತ ಮಾಡಿಕೊಳ್ಳುತ್ತಾನೆ, ಸಮಾಜಶಾಸ್ತ್ರಜ್ಞ ಬಡತನದ ಸಂಸ್ಕೃತಿಯ ಸಿದ್ಧಾಂತಕ್ಕೆ ಅವರನ್ನು ಸಾಕ್ಷಿಯಾಗಿಸುತ್ತಾನೆ. ಹನ್ನೊಂದು ಮಕ್ಕಳ ತಾಯಿ ಲಿಲಿ ಮೆರವಣಿಗೆಗೆ ಬಂದದ್ದು ಡೌನ್ ಸಿಂಡ್ರೋಮ್ ಇರುವ ತನ್ನ ಮಗನೊಬ್ಬನ ಸಂಕಟದಿಂದ. ಈ ಕಾರಣ ಯಾರ ವರದಿಯಲ್ಲಿಯೂ ಸೇರುವುದಿಲ್ಲ.

ಫ್ರೀಲ್ ಇಲ್ಲಿ ಪ್ರಭುತ್ವದ ಸುಳ್ಳನ್ನು ಮಾತ್ರ ಬಯಲು ಮಾಡಿದ್ದರೆ ನಾಟಕವು ಒಂದು ಪ್ರತಿಭಟನೆಯಾಗಿ ಉಳಿಯುತ್ತಿತ್ತು. ಸತ್ತವರ ಪರವಾಗಿ ಮಾತನಾಡುತ್ತೇವೆ ಎನ್ನುವ ಎಲ್ಲರ ಅಧಿಕಾರವನ್ನೂ, ಸ್ವಪಕ್ಷದ ಲಾವಣಿಕಾರನ ಅಧಿಕಾರವನ್ನು ಸಹ, ಅವನು ಏಕಕಾಲದಲ್ಲಿ ಪ್ರಶ್ನಿಸುತ್ತಾನೆ. ಮೇಲೆ ಹೇಳಿದ ಮೂರನೆಯ ನೆಲೆಯನ್ನು ಒಪ್ಪಂದಕ್ಕಿಂತ ಇಪ್ಪತ್ತೈದು ವರ್ಷ ಮೊದಲೇ ಈ ನಾಟಕ ಗುರುತಿಸಿತ್ತು.

1998ರಲ್ಲಿ ನೇಮಕಗೊಂಡ ಸ್ಯಾವಿಲ್ ಆಯೋಗವು ತನ್ನ ಬಹುಪಾಲು ವಿಚಾರಣೆಯನ್ನು ಇದೇ ಗಿಲ್ಡ್‌ಹಾಲಿನಲ್ಲಿ ನಡೆಸಿತು. 2010ರ ಜೂನ್ 15ರಂದು ಪ್ರಕಟವಾದ ಹತ್ತು ಸಂಪುಟಗಳ ವರದಿಯು, ಸತ್ತವರಲ್ಲಿ ಯಾರೂ ಗುಂಡಿಕ್ಕಲು ಸಮರ್ಥನೆಯಾಗುವಂಥ ಅಪಾಯವನ್ನು ಒಡ್ಡಿರಲಿಲ್ಲವೆಂದು ತೀರ್ಮಾನಿಸಿತು. ಪ್ರಧಾನಮಂತ್ರಿ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೆ ಸತ್ಯ ದೊರೆತಲ್ಲಿ ದಂಡನೆಯೂ ದೊರೆಯುತ್ತದೆ ಎನ್ನುವಂತಿಲ್ಲ. ಕೊಲೆಯ ಆರೋಪ ಹೊತ್ತ ಒಬ್ಬ ಮಾಜಿ ಸೈನಿಕನನ್ನು 2025ರ ಅಕ್ಟೋಬರಿನಲ್ಲಿ ಬೆಲ್‌ಫಾಸ್ಟಿನ ನ್ಯಾಯಾಲಯ ಸಾಕ್ಷ್ಯದ ಕೊರತೆಯಿಂದ ಖುಲಾಸೆ ಮಾಡಿತು. ಇನ್ನೊಂದು ಕಡೆಯಿಂದ, ಹದಿನಾಲ್ಕು ಜನರ ಸಾವಿಗೆ ಇಷ್ಟು ದೀರ್ಘ ವಿಚಾರಣೆ ನಡೆದರೆ ಮಿಕ್ಕವರ ಗತಿಯೇನು ಎಂಬ ಪ್ರಶ್ನೆ ಬಂದಿತು. 1976ರ ಜನವರಿ 5ರಂದು ಕಿಂಗ್ಸ್‌ಮಿಲ್ ಎಂಬಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹತ್ತು ಮಂದಿ ಪ್ರಾಟೆಸ್ಟೆಂಟ್ ಕಾರ್ಮಿಕರನ್ನು ವಾಹನದಿಂದ ಇಳಿಸಿ ಸಾಲಾಗಿ ನಿಲ್ಲಿಸಿ ಕೊಲ್ಲಲಾಯಿತು. ಅದರ ಹಿಂದಿನ ದಿನ ಅದೇ ಪ್ರದೇಶದಲ್ಲಿ ಆರು ಮಂದಿ ಕ್ಯಾಥೊಲಿಕರನ್ನು ಬ್ರಿಟನ್ ನಿಷ್ಠ ಸಶಸ್ತ್ರ ಗುಂಪು ಅವರವರ ಮನೆಗಳಲ್ಲಿಯೇ ಗುಂಡಿಕ್ಕಿ ಕೊಂದಿತ್ತು. ಒಂದರ ನೆನಪನ್ನು ಇನ್ನೊಂದಕ್ಕೆ ಉತ್ತರವೆಂಬಂತೆ ಬಳಸುವ ಕ್ರಮವೇ ಅಲ್ಲಿನ ಸಾರ್ವಜನಿಕ ವಾದದ ದೊಡ್ಡ ರೋಗ.

4

ಶಾಂತಿಯ ಕಾಲದ ರಾಜಕಾರಣಕ್ಕೆ ಸಾಹಿತ್ಯದಿಂದ ಬೇಕಾಗಿದ್ದುದು ಸಾಂತ್ವನ. ಷೇಮಸ್ ಹೀನಿಯ ‘ದಿ ಕ್ಯೂರ್ ಅಟ್ ಟ್ರಾಯ್’ ನಾಟಕಕ್ಕೆ ಒದಗಿದ ಗತಿ ಇದಕ್ಕೆ ಉತ್ತಮ ನಿದರ್ಶನ. ಸೊಫೊಕ್ಲಿಸನ ‘ಫಿಲೊಕ್ಟಿಟಿಸ್’ನ ಈ ರೂಪಾಂತರವೂ 1990ರಲ್ಲಿ ಮೊದಲು ಪ್ರದರ್ಶನಗೊಂಡದ್ದು ಡೆರಿಯ ಗಿಲ್ಡ್‌ಹಾಲಿನಲ್ಲಿಯೇ. ಅದರ ಮೇಳದ ಹಾಡಿನಲ್ಲಿ ಭರವಸೆ ಮತ್ತು ಇತಿಹಾಸಗಳು ಒಂದುಗೂಡುವ ಗಳಿಗೆಯನ್ನು ಕುರಿತ ಸಾಲುಗಳಿವೆ. 1995ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಡೆರಿಯಲ್ಲಿ ಅವನ್ನು ಉದ್ಧರಿಸಿದಂದಿನಿಂದ ರಾಜಕಾರಣಿಗಳ ಬಾಯಲ್ಲಿ ಅವು ಸವೆದ ನಾಣ್ಯವಾಗಿವೆ.

ನಾಟಕದ ವಸ್ತುವಾದರೋ ಬೇರೆ. ಕಾಲಿನ ಕೊಳೆಯುವ ಗಾಯದೊಡನೆ ದ್ವೀಪವೊಂದರಲ್ಲಿ ತೊರೆಯಲ್ಪಟ್ಟ ಫಿಲೊಕ್ಟಿಟಿಸನಿಗೆ ತನ್ನ ಗಾಯವೇ ತನ್ನ ಗುರುತಾಗಿಬಿಟ್ಟಿದೆ. ಅವನ ಬಿಲ್ಲನ್ನು ಮೋಸದಿಂದ ಪಡೆಯುವಂತೆ ಯುವಕ ನಿಯೊಪ್ಟೊಲೆಮಸನಿಗೆ ಒಡಿಸ್ಯೂಸ್ ಹೇಳಿಕೊಡುತ್ತಾನೆ. ಯುದ್ಧ ಗೆಲ್ಲಲು ಅದು ಅನಿವಾರ್ಯ ಎಂಬುದು ಅವನ ವಾದ. ಯುವಕ ಮೋಸದಿಂದ ಬಿಲ್ಲನ್ನು ಪಡೆಯುತ್ತಾನೆ, ಆಮೇಲೆ ಹಿಂದಿರುಗಿಸುತ್ತಾನೆ. ಅನಿವಾರ್ಯತೆಯ ವಾದವನ್ನು ತಿರಸ್ಕರಿಸಿ, ದಕ್ಕಿದ ಲಾಭವನ್ನು ಬಿಟ್ಟುಕೊಡುವುದರ ಮೂಲಕ ಅವನು ಮಾತನಾಡುವ ಅರ್ಹತೆಯನ್ನು ಗಳಿಸುತ್ತಾನೆ. ಮೇಳದ ಹಾಡು ಬರುವುದು ಇಷ್ಟೆಲ್ಲ ಆದ ಮೇಲೆ. ಬಿಲ್ಲನ್ನು ಹಿಂದಿರುಗಿಸದವರು ಹಾಡನ್ನು ಮಾತ್ರ ಎತ್ತಿಕೊಂಡರೆ ಅದು ಮೋಸದ ಮುಂದುವರಿಕೆಯೇ ಹೊರತು ಚಿಕಿತ್ಸೆಯಲ್ಲ.

ಮೈಕೇಲ್ ಲಾಂಗ್ಲಿಯ ‘ಸೀಸ್‌ಫೈರ್’ ಎಂಬ ಸುನೀತವನ್ನೂ ಇದೇ ರೀತಿ ಅವಸರದಿಂದ ಓದಲಾಗಿದೆ. ಐಆರ್‌ಎ 1994ರ ಆಗಸ್ಟ್ 31ರಂದು ಕದನವಿರಾಮ ಘೋಷಿಸಿದ ಕೆಲವೇ ದಿನಗಳಲ್ಲಿ ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇಲಿಯಡ್ ಮಹಾಕಾವ್ಯದ ಕೊನೆಯ ಕಾಂಡದಲ್ಲಿ ಮುದಿ ದೊರೆ ಪ್ರಿಯಮ್ ತನ್ನ ಮಗ ಹೆಕ್ಟರನ ಹೆಣವನ್ನು ಬೇಡಲು ಅಖಿಲೀಸನ ಬಿಡಾರಕ್ಕೆ ಹೋಗಿ, ಮಗನನ್ನು ಕೊಂದ ಕೈಗೆ ಮುತ್ತಿಡುತ್ತಾನೆ. ಗದಾಯುದ್ಧದ ರಣರಂಗದಲ್ಲಿ ಬಿದ್ದವರ ನಡುವೆ ನಡೆದುಹೋಗುವ ದುರ್ಯೋಧನನ ಶೋಕವನ್ನು ರನ್ನನಲ್ಲಿ ಓದಿರುವ ಕನ್ನಡ ಓದುಗರಿಗೆ ಈ ಸನ್ನಿವೇಶದ ಆಳವನ್ನು ವಿವರಿಸಬೇಕಾಗಿಲ್ಲ. ಶೋಕವು ಎದುರಾಳಿಯನ್ನು ಮನುಷ್ಯನನ್ನಾಗಿ ತೋರಿಸುತ್ತದೆ. ಹಾಗೆ ತೋರಿಸುವುದು ಅವನ ಕೃತ್ಯಕ್ಕೆ ಸಮರ್ಥನೆಯಲ್ಲ.

‘ಸೀಸ್‌ಫೈರ್’ ಕ್ಷಮೆಯ ಕವಿತೆ ಎಂಬ ಜನಪ್ರಿಯ ಓದು ಎರಡು ಅಂಶಗಳನ್ನು ಮರೆಯುತ್ತದೆ. ಒಂದು, ಮೂಲದಲ್ಲಿ ಈ ಭೇಟಿಯಿಂದ ದೊರೆಯುವುದು ಹೆಕ್ಟರನ ಶವಸಂಸ್ಕಾರಕ್ಕೆ ಬೇಕಾದ ಕೆಲವು ದಿನಗಳ ಬಿಡುವು ಮಾತ್ರ. ಆಮೇಲೆ ಯುದ್ಧ ಮುಂದುವರಿಯುತ್ತದೆ. ಎರಡು, ಪ್ರಿಯಮನಿಗೆ ದೊರೆತದ್ದು ಹೆಣ, ನ್ಯಾಯವಲ್ಲ. ಕ್ಷಮಿಸಿದೆ ಎಂದು ಅವನು ಹೇಳುವುದೂ ಇಲ್ಲ.

ಈ ಎರಡನೆಯ ಅಂಶ ಒಪ್ಪಂದದ ನಂತರದ ಐರ್ಲೆಂಡಿನಲ್ಲಿ ಅಕ್ಷರಶಃ ಕಾನೂನಾಯಿತು. ಸಂಘರ್ಷದ ಕಾಲದಲ್ಲಿ ಗಣರಾಜ್ಯವಾದಿ ಸಂಘಟನೆಗಳು ಕೊಂದು ಗುಟ್ಟಾಗಿ ಹೂತುಹಾಕಿದವರ ಅವಶೇಷಗಳನ್ನು ಪತ್ತೆಹಚ್ಚಲು 1999ರಲ್ಲಿ ಎರಡೂ ಸರ್ಕಾರಗಳು ಒಂದು ಆಯೋಗವನ್ನು ರಚಿಸಿದವು. ಅದಕ್ಕೆ ಕೊಟ್ಟ ಮಾಹಿತಿಯನ್ನು ಯಾವ ಮೊಕದ್ದಮೆಯಲ್ಲಿಯೂ ಸಾಕ್ಷ್ಯವಾಗಿ ಬಳಸುವಂತಿಲ್ಲ. 1972ರ ಡಿಸೆಂಬರಿನಲ್ಲಿ ಬೆಲ್‌ಫಾಸ್ಟಿನ ಮನೆಯಿಂದ ಎಳೆದೊಯ್ಯಲ್ಪಟ್ಟ ಹತ್ತು ಮಕ್ಕಳ ತಾಯಿ ಜೀನ್ ಮೆಕಾನ್‌ವಿಲ್ ಅವರ ಅವಶೇಷ ದೊರೆತದ್ದು 2003ರಲ್ಲಿ, ಕಡಲ ತೀರದಲ್ಲಿ. ಹೆಣ ಬೇಕೋ ನ್ಯಾಯ ಬೇಕೋ ಎಂಬ ಪ್ರಿಯಮನ ಮುಂದಿನ ಆಯ್ಕೆಯನ್ನು ಪ್ರಭುತ್ವಗಳು ಸಾಮಾನ್ಯ ಕುಟುಂಬಗಳ ಮುಂದಿಟ್ಟವು. ಲಾಂಗ್ಲಿಯ ಕವಿತೆಯನ್ನು ಸಮಾಧಾನವಾಗಿ ಓದದೆ, ಸಮಾಧಾನಕ್ಕೆ ತೆರಬೇಕಾದ ಬೆಲೆಯ ಲೆಕ್ಕವಾಗಿ ಓದಿದಾಗ ಅದು ದೊಡ್ಡ ಕವಿತೆಯಾಗುತ್ತದೆ.

5

ಒಪ್ಪಂದದ ನಂತರ ಬಂದ ಬರಹಗಳು ಪ್ರಶ್ನೆಯ ಸ್ವರೂಪವನ್ನೇ ಬದಲಿಸಿದವು. ಹಿಂಸೆ ಸರಿಯೇ ತಪ್ಪೇ ಎಂಬ ಅಮೂರ್ತ ಚರ್ಚೆಯ ಬದಲು, ಯಾರು ಯಾರಿಗೆ ಉತ್ತರ ಕೊಡಬೇಕು ಎಂಬ ಮೂರ್ತ ಪ್ರಶ್ನೆ ಅವುಗಳ ಕೇಂದ್ರಕ್ಕೆ ಬಂದಿತು.

1999ರಲ್ಲಿ ಪ್ರಕಟವಾದ ‘ಲಾಸ್ಟ್ ಲೈವ್ಸ್’ ಸಾಹಿತ್ಯ ಕೃತಿಯೆಂದು ಹೇಳಿಕೊಂಡದ್ದಲ್ಲ. ಡೇವಿಡ್ ಮೆಕಿಟ್ರಿಕ್ ಮೊದಲಾದವರು ಸಂಪಾದಿಸಿದ ಈ ಬೃಹತ್ ಗ್ರಂಥದಲ್ಲಿ 1966ರಿಂದ ಮೊದಲುಗೊಂಡು ಸತ್ತ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಒಂದು ನಮೂದು ಇದೆ. ಸೈನಿಕ, ಪೊಲೀಸ್, ಮಗು, ತಾನಿಟ್ಟ ಬಾಂಬಿಗೆ ತಾನೇ ಬಲಿಯಾದವನು ಎಲ್ಲರೂ ಸತ್ತ ದಿನಾಂಕದ ಕ್ರಮದಲ್ಲಿ ಬರುತ್ತಾರೆ. ಇದು ಕೊಂದವನನ್ನೂ ಸತ್ತವನನ್ನೂ ಒಂದೇ ತಕ್ಕಡಿಯಲ್ಲಿಡುತ್ತದೆ ಎಂಬ ಆಕ್ಷೇಪಣೆ ಬರಬಹುದು. ಆದರೆ ನಮೂದುಗಳನ್ನು ಓದಿದವರಿಗೆ ಆ ಅಂಜಿಕೆ ಉಳಿಯುವುದಿಲ್ಲ. ಯಾರು, ಎಲ್ಲಿ, ಹೇಗೆ, ಯಾರ ಕೈಯಿಂದ ಎಂಬುದು ಅಲ್ಲಿ ದಾಖಲಾಗಿದೆ. ಒಟ್ಟು ಸಾವುಗಳಲ್ಲಿ ಸುಮಾರು ಶೇಕಡಾ 60 ಗಣರಾಜ್ಯವಾದಿ ಗುಂಪುಗಳಿಂದ, ಶೇಕಡಾ 30 ಬ್ರಿಟನ್ ನಿಷ್ಠ ಗುಂಪುಗಳಿಂದ, ಶೇಕಡಾ 10 ಭದ್ರತಾ ಪಡೆಗಳಿಂದ ಸಂಭವಿಸಿದವೆಂಬ ತಿಳಿವಳಿಕೆ ಸಾಧ್ಯವಾದದ್ದು ಇಂಥ ದಾಖಲೆಗಳಿಂದಲೇ. ಸಾವಿನಲ್ಲಿ ಸಮಾನತೆ ಎಂದರೆ ಹೊಣೆಗಾರಿಕೆಯಲ್ಲಿ ಸಮಾನತೆ ಎಂದಲ್ಲ.

ಈ ಭೇದವನ್ನು ಸಾರ್ವಜನಿಕ ನೀತಿಯು ಅಷ್ಟು ಸುಲಭವಾಗಿ ನಿಭಾಯಿಸಲಿಲ್ಲ. ಗತದ ಬಗ್ಗೆ ಸಲಹೆ ನೀಡಲು ನೇಮಕವಾದ ಈಮ್ಸ್ ಮತ್ತು ಬ್ರಾಡ್ಲಿ ನೇತೃತ್ವದ ಸಮಿತಿ 2009ರ ಜನವರಿಯಲ್ಲಿ, ಸತ್ತ ಪ್ರತಿಯೊಬ್ಬರ ಹತ್ತಿರದ ಬಂಧುವಿಗೂ 12,000 ಪೌಂಡುಗಳ ಗೌರವಧನವನ್ನು ಶಿಫಾರಸು ಮಾಡಿತು. ಬಾಂಬಿಟ್ಟವನ ತಾಯಿಯ ಕಣ್ಣೀರೂ ಬಲಿಯಾದವನ ತಾಯಿಯ ಕಣ್ಣೀರೂ ಬೇರೆಯಲ್ಲ ಎಂಬುದು ಅದರ ಹಿಂದಿನ ಭಾವ. ಆದರೆ ಕಣ್ಣೀರಿನ ಸಮಾನತೆಯನ್ನು ಹಣದಲ್ಲಿ ಹೇಳಹೊರಟೊಡನೆ ಅದು ಕೃತ್ಯದ ಸಮಾನತೆಯಂತೆ ಕೇಳಿಸಿತು. ಜನರ ಕೋಪಕ್ಕೆ ಸಿಕ್ಕಿ ಆ ಸಲಹೆ ಬಿದ್ದುಹೋಯಿತು.

ಅದಕ್ಕೆ ಒಂದು ವರ್ಷ ಮೊದಲು ಬಂದ ಡೇವಿಡ್ ಪಾರ್ಕನ ‘ದಿ ಟ್ರೂತ್ ಕಮಿಷನರ್’ ಕಾದಂಬರಿ, ಉತ್ತರ ಐರ್ಲೆಂಡಿನಲ್ಲಿ ಎಂದೂ ರಚನೆಯಾಗದ ಸತ್ಯಶೋಧನಾ ಆಯೋಗವನ್ನು ಕಲ್ಪಿಸಿಕೊಳ್ಳುತ್ತದೆ. ಕಾಣೆಯಾದ ಹುಡುಗನೊಬ್ಬನ ಪ್ರಕರಣ ವಿಚಾರಣೆಗೆ ಬರುತ್ತದೆ. ಮಂತ್ರಿಯಾಗಿರುವ ಹಳೆಯ ಐಆರ್‌ಎ ನಾಯಕ, ನಿವೃತ್ತ ಪೊಲೀಸ್ ಅಧಿಕಾರಿ, ಸ್ವತಃ ಆಯುಕ್ತ, ಇವರಲ್ಲಿ ಯಾರಿಗೂ ಪೂರ್ಣ ಸತ್ಯ ಬೇಕಾಗಿಲ್ಲ. ಆಯೋಗವೆಂಬುದು ಸತ್ಯವನ್ನು ಹೊರತರುವ ಯಂತ್ರವಾಗಿರುವಂತೆಯೇ ಎಷ್ಟು ಸತ್ಯ ಸಾಕು ಎಂಬುದನ್ನು ನಿಗದಿಪಡಿಸುವ ಯಂತ್ರವೂ ಹೌದು ಎಂಬ ಕಟುವಾದ ಒಳನೋಟ ಈ ಕಾದಂಬರಿಯದು.

ಓವನ್ ಮೆಕಾಫರ್ಟಿಯ ‘ಕ್ವೈಟ್ಲಿ’ (2012) ನಾಟಕದಲ್ಲಿ ಆಯೋಗವೂ ಇಲ್ಲ, ನ್ಯಾಯಾಧೀಶನೂ ಇಲ್ಲ. ಬೆಲ್‌ಫಾಸ್ಟಿನ ಒಂದು ಪಬ್ಬು, ಇಬ್ಬರು ನಡುವಯಸ್ಸಿನ ಗಂಡಸರು, ಪೋಲೆಂಡಿನಿಂದ ವಲಸೆ ಬಂದ ಪರಿಚಾರಕ. 1974ರಲ್ಲಿ ಹದಿನಾರು ವಯಸ್ಸಿನ ಇಯಾನ್ ಅದೇ ಜಾಗಕ್ಕೆ ಎಸೆದ ಬಾಂಬು, ಅದೇ ವಯಸ್ಸಿನ ಜಿಮ್ಮಿಯ ತಂದೆಯನ್ನು ಕೊಂದಿತ್ತು. ಇಯಾನ್ ಈಗ ಮಾತನಾಡಲು ಬಂದಿದ್ದಾನೆ. ಅವನು ತನ್ನ ಕಾಲದ, ತನ್ನ ಕೇರಿಯ ಕಾರಣಗಳನ್ನು ಹೇಳುತ್ತಾನೆ. ಅವು ಸುಳ್ಳಲ್ಲ, ಆದರೆ ಸಾಲುವುದೂ ಇಲ್ಲ. ಸಮರ್ಥನೆ ಮತ್ತು ವಿವರಣೆಗಳ ನಡುವಿನ ಅಂತರವನ್ನು ಇಷ್ಟು ಹತ್ತಿರದಿಂದ ತೋರಿಸಿದ ಕೃತಿ ಬೇರೆಯಿಲ್ಲ. ಚಳವಳಿ, ಸಮುದಾಯ, ಇತಿಹಾಸ ಎಂಬ ದೊಡ್ಡ ಪದಗಳ ಹಿಂದೆ ಅಡಗದೆ ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ನೇರವಾಗಿ ಉತ್ತರ ಕೊಡುವ ಕ್ರಿಯೆಯೇ ಈ ನಾಟಕದ ವಸ್ತು.

2018ರ ಬೂಕರ್ ಪ್ರಶಸ್ತಿ ಪಡೆದ ಆನಾ ಬರ್ನ್ಸ್‌ಳ ‘ಮಿಲ್ಕ್‌ಮನ್’ ಕಾದಂಬರಿಯು ಅಧಿಕಾರದ ಪ್ರಶ್ನೆಯನ್ನು ತಳದಿಂದ ನೋಡುತ್ತದೆ. ಇಲ್ಲಿ ಊರಿಗೆ ಹೆಸರಿಲ್ಲ, ಜನರಿಗೂ ಹೆಸರಿಲ್ಲ. ಹೆಸರೇ ಪಂಗಡವನ್ನು ಬಿಟ್ಟುಕೊಡುವ ನಾಡಿನಲ್ಲಿ ಹೆಸರಿಲ್ಲದಿರುವುದು ಒಂದು ರಕ್ಷಣೆ. ಹದಿನೆಂಟರ ಹರೆಯದ ನಿರೂಪಕಿಯನ್ನು ಸಶಸ್ತ್ರ ಸಂಘಟನೆಯ ಹಿರಿಯನೊಬ್ಬ ಹಿಂಬಾಲಿಸತೊಡಗುತ್ತಾನೆ. ಮೈ ಮುಟ್ಟುವುದಿಲ್ಲ, ಬೆದರಿಕೆಯನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಅವಳು ದೂರು ಕೊಡುವುದು ಯಾರಿಗೆ? ಪ್ರಭುತ್ವದ ಪೊಲೀಸರ ಬಳಿಗೆ ಹೋದರೆ ದ್ರೋಹಿಯಾಗುತ್ತಾಳೆ. ಸಮುದಾಯವನ್ನು ಕಾಪಾಡುವವರು ಎನಿಸಿಕೊಂಡವರಲ್ಲಿಯೇ ಅವನೊಬ್ಬ. ‘ನಮ್ಮವರು’ ಎಂಬ ನ್ಯಾಯಸಮ್ಮತತೆ ಹೊರಗಿನವರ ವಿರುದ್ಧ ಎಷ್ಟೇ ಬಲವಾಗಿದ್ದರೂ, ಒಳಗಿನ ದುರ್ಬಲರ ದೂರನ್ನು ಕೇಳಿಸಿಕೊಳ್ಳಲಾಗದಿದ್ದರೆ ಅದು ಟೊಳ್ಳು ಎಂಬುದನ್ನು ಈ ಕಾದಂಬರಿ ಘೋಷಣೆಯಿಲ್ಲದೆ ಮನಗಾಣಿಸುತ್ತದೆ. ಗಡಿ, ಧ್ವಜ, ಜನಾದೇಶಗಳ ಚರ್ಚೆಯಲ್ಲಿ ಹೆಣ್ಣಿನ ದೈನಂದಿನ ಭಯಕ್ಕೆ ಸ್ಥಾನವಿರಲಿಲ್ಲ. ಆ ಸ್ಥಾನವನ್ನು ಬರ್ನ್ಸ್ ಕೊಟ್ಟಳು.

6

ವಾದ ಇನ್ನೂ ಮುಗಿದಿಲ್ಲ. ಐಆರ್‌ಎಯ ಸಶಸ್ತ್ರ ಹೋರಾಟದ ಕಾಲಕ್ಕೆ ಬೇರೆ ಮಾರ್ಗವಿರಲಿಲ್ಲ, ಈಗ ಇದೆ ಎಂಬರ್ಥದ ಮಾತನ್ನು ಷಿನ್ ಫೇನ್ ನಾಯಕಿ ಮಿಷೆಲ್ ಓನೀಲ್ 2022ರಲ್ಲಿ ಆಡಿದಾಗ ತೀವ್ರ ಪ್ರತಿಕ್ರಿಯೆ ಬಂದಿತು. 2024ರ ಫೆಬ್ರವರಿಯಲ್ಲಿ ಅದೇ ನಾಯಕಿ ಉತ್ತರ ಐರ್ಲೆಂಡಿನ ಪ್ರಥಮ ಮಂತ್ರಿಯಾದರು. ಬೇರೆ ಮಾರ್ಗವಿರಲಿಲ್ಲ ಎಂಬ ಮಾತನ್ನು ಇತಿಹಾಸದ ಆಧಾರದ ಮೇಲೆ ಪ್ರಶ್ನಿಸಬಹುದು. ನಾಗರಿಕ ಹಕ್ಕುಗಳ ಚಳವಳಿ ಇತ್ತು. ಅಧಿಕಾರ ಹಂಚಿಕೆಯನ್ನು ಒಳಗೊಂಡ ಸನಿಂಗ್‌ಡೇಲ್ ಒಪ್ಪಂದ 1973ರಲ್ಲಿಯೇ ಆಗಿತ್ತು. ಅದನ್ನು ಮರುವರ್ಷ ಮುರಿದುಹಾಕಿದ್ದು ಬ್ರಿಟನ್ ನಿಷ್ಠರ ಮುಷ್ಕರವಾದರೂ ಐಆರ್‌ಎ ಕೂಡ ಅದನ್ನು ಒಪ್ಪಿರಲಿಲ್ಲ. 1998ರಲ್ಲಿ ದೊರೆತದ್ದು ಬಹುಮಟ್ಟಿಗೆ 1973ರಲ್ಲಿ ದೊರೆಯಬಹುದಾಗಿದ್ದುದೇ ಆದರೆ, ನಡುವಿನ ಇಪ್ಪತ್ತೈದು ವರ್ಷಗಳ ಸಾವುಗಳಿಗೆ ಅರ್ಥವೇನು? ಈ ಪ್ರಶ್ನೆಯಿಂದ ಗಣರಾಜ್ಯವಾದಿಗಳು ಮಾತ್ರವಲ್ಲ, ಅಂದು ಅಧಿಕಾರ ಹಂಚಿಕೆಯನ್ನು ತಿರಸ್ಕರಿಸಿದ ಬ್ರಿಟನ್ ನಿಷ್ಠರೂ, ಮುಷ್ಕರದ ಎದುರು ಮಣಿದ ಬ್ರಿಟಿಷ್ ಸರ್ಕಾರವೂ ತಪ್ಪಿಸಿಕೊಳ್ಳುವಂತಿಲ್ಲ. ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗಿ ಬ್ರಿಟಿಷ್ ಸಂಸತ್ತು 2023ರಲ್ಲಿ ಕಾಯಿದೆಯೊಂದನ್ನು ಮಾಡಿ, ಮಾಹಿತಿ ಕೊಟ್ಟ ಆರೋಪಿಗಳಿಗೆ ಮೊಕದ್ದಮೆಯಿಂದ ರಕ್ಷಣೆ ನೀಡಹೊರಟಿತು. ಪರಸ್ಪರ ಯಾವುದನ್ನೂ ಒಪ್ಪದ ಉತ್ತರ ಐರ್ಲೆಂಡಿನ ಪಕ್ಷಗಳು ಇದನ್ನು ಮಾತ್ರ ಒಂದಾಗಿ ವಿರೋಧಿಸಿದವು. 2024ರಲ್ಲಿ ಬೆಲ್‌ಫಾಸ್ಟಿನ ಹೈಕೋರ್ಟು ಆ ರಕ್ಷಣೆಯು ಮಾನವ ಹಕ್ಕುಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ವಾದವನ್ನು ಕಾನೂನಿನಿಂದ ಮುಚ್ಚಲಾಗದೆಂಬುದಕ್ಕೆ ಇದು ಸಾಕ್ಷಿ.

ಇಂಥ ಸಂದರ್ಭದಲ್ಲಿ ಸಾಹಿತ್ಯ ವಿಮರ್ಶೆಯ ಮುಂದೆ ಎರಡು ಆಮಿಷಗಳಿವೆ. ಕೃತಿಗಳನ್ನು ಶಾಂತಿಯ ಆಭರಣವಾಗಿಸುವುದು ಒಂದು. ಅವನ್ನು ಯಾವುದಾದರೊಂದು ಪಕ್ಷದ ಸಾಕ್ಷಿಯಾಗಿ ಕಟಕಟೆಗೆ ತರುವುದು ಇನ್ನೊಂದು. ಮೇಲೆ ಪರಿಶೀಲಿಸಿದ ಕೃತಿಗಳಲ್ಲಿ ಉತ್ತಮವಾದವು ಎರಡಕ್ಕೂ ಒಗ್ಗುವುದಿಲ್ಲ. ಒಪ್ಪಂದವು ಯಾರನ್ನು ಮುಂದೆ ಆಳಬೇಕೆಂಬ ಪ್ರಶ್ನೆಗೆ ಉತ್ತರ ಕೊಟ್ಟಿತು, ಆ ಉತ್ತರ ಅಮೂಲ್ಯವಾದದ್ದು. ಅದರಿಂದ ಉಳಿದ ಜೀವಗಳ ಲೆಕ್ಕ ಯಾವ ಗ್ರಂಥದಲ್ಲಿಯೂ ಸಿಗಲಾರದು. ಆದರೆ ಸತ್ತವರ ಹೆಸರಿನಲ್ಲಿ ಮಾತನಾಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯನ್ನು ಅದು ತೆರೆದೇ ಬಿಟ್ಟಿತು. ಫ್ರೀಲನ ಲಿಲಿ, ಲಾಂಗ್ಲಿಯ ಪ್ರಿಯಮ್, ಪಬ್ಬಿನಲ್ಲಿ ಕುಳಿತ ಜಿಮ್ಮಿ, ಬರ್ನ್ಸ್‌ಳ ಹೆಸರಿಲ್ಲದ ಹುಡುಗಿ ಇವರೆಲ್ಲ ಆ ಅಧಿಕಾರವನ್ನು ಯಾವ ಸೇನೆಗೂ ಯಾವ ಪ್ರಭುತ್ವಕ್ಕೂ ಬಿಟ್ಟುಕೊಡದವರು. ರಾಜಕೀಯ ಹಿಂಸೆಯ ನ್ಯಾಯಸಮ್ಮತತೆಯನ್ನು ಅಳೆಯಲು ಜನಾದೇಶವೂ ಬೇಕು, ಕಾನೂನೂ ಬೇಕು. ಇವೆರಡರ ಜೊತೆಗೆ, ಹಾನಿಗೊಳಗಾದವನ ಎದುರು ಕುಳಿತು ಅದೇ ಸಮರ್ಥನೆಯನ್ನು ಹೇಳಲು ಸಾಧ್ಯವೇ ಎಂಬ ಮೂರನೆಯ ಅಳತೆಗೋಲನ್ನು ಈ ಸಾಹಿತ್ಯ ನಮ್ಮ ಕೈಗೆ ಕೊಡುತ್ತದೆ. ಹಾಗೆ ಹೇಳಲಾಗದ ಸಮರ್ಥನೆ, ಅದು ಕ್ರಾಂತಿಯದಾಗಲಿ ಪ್ರಭುತ್ವದ್ದಾಗಲಿ, ಒಪ್ಪತಕ್ಕದ್ದಲ್ಲ.